ಅತ್ತೆ ಇನ್ನೂ ನಡೆಯುತ್ತಿಲ್ಲ, ತಪ್ಪು ನನ್ನದಾ ಅಕ್ಕಾ?

ಪ್ರಶ್ನೆ: ಅಕ್ಕಾ, ನಮ್ಮ ಅತ್ತೆಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೂ ಇಲ್ಲ, ಹೇಳಿದ್ದು ಮಾತ್ರ ತಿಳಿಯುತ್ತದೆ. ಸ್ನಾನ, ಊಟ, ಡೈಪರ್, ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸುವುದು ಎಲ್ಲಾ ನಾನೇ. ನನ್ನ ಸೊಂಟ ಹಿಡಿದುಕೊಂಡಿದೆ. ಹಬ್ಬಕ್ಕೆ ಬಂದ ನಾದಿನಿ, "ನೀನು ಎಕ್ಸರ್‌ಸೈಜ್ ಸರಿಯಾಗಿ ಮಾಡಿಸಿದ್ದರೆ ಅಮ್ಮ ಇಷ್ಟೊತ್ತಿಗೆ ಓಡಾಡುತ್ತಿದ್ದರು" ಅಂದುಬಿಟ್ಟರು. ರಾತ್ರಿಗೆ ಯಾರನ್ನಾದರೂ ಇಟ್ಟುಕೊಳ್ಳೋಣ ಅಂದರೆ ನಮ್ಮನೆಯವರಿಗೆ ಜನ ಏನಂದಾರು ಅನ್ನುವ ಚಿಂತೆ. ನಾನು ಕೆಟ್ಟ ಸೊಸೆಯಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಖಂಡಿತ ಅಲ್ಲ ತಂಗಿ. ನಮ್ಮ ಅಪ್ಪನನ್ನು ಆರು ವರ್ಷ ಹೀಗೇ ನೋಡಿಕೊಂಡವಳು ನಾನು. ಆ "ಸರಿಯಾಗಿ ಮಾಡಿಸಿದ್ದರೆ" ಅನ್ನುವ ಮಾತು ನನ್ನ ಕಿವಿಗೂ ಬಿದ್ದಿದೆ, ಎಷ್ಟೋ ರಾತ್ರಿ ಅದನ್ನೇ ನೆನೆಸಿಕೊಂಡು ಅತ್ತಿದ್ದೇನೆ.

ನಾದಿನಿಗೆ ಇದನ್ನು ಓದಿ ಹೇಳಿ. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ಲಕ್ವ ರೋಗಿಗಳನ್ನಿಟ್ಟುಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು, 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕೂರಿಸಿ ಕಲಿಸಿದರು, ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಆರು ತಿಂಗಳಾದ ಮೇಲೆ ನೋಡಿದರೆ ತೀರಿಕೊಂಡವರು, ಇನ್ನೊಬ್ಬರ ಆಸರೆ ಬೇಕಾದವರು ಸೇರಿ ಎರಡೂ ಕಡೆ ಶೇ 47ರಷ್ಟು. ಅಂದರೆ ತರಬೇತಿ ಕೊಟ್ಟು ಕಳಿಸಿದ ಮನೆಯವರಿಗೇ ಆ ವ್ಯತ್ಯಾಸ ತರಲಾಗಲಿಲ್ಲ. ಮಿದುಳಿಗೆ ಎಷ್ಟು ಪೆಟ್ಟು ಬಿದ್ದಿದೆ ಅನ್ನುವುದು ನಿಮ್ಮ ಕೈಯಲ್ಲಿರಲಿಲ್ಲ. ಹಾಗಂತ ಕೈಕಾಲು ಆಡಿಸುವುದನ್ನು ಬಿಡಬೇಡಿ, ಕೀಲು ಸೆಟೆದುಕೊಂಡರೆ ಸೀರೆ ಉಡಿಸುವುದೂ ಕಷ್ಟ, ಅವರಿಗೂ ನೋವು. ಎಬ್ಬಿಸುವಾಗ ಮಾತ್ರ ಬಿದ್ದಿರುವ ಕೈ ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ.

ಇನ್ನು ರಾತ್ರಿಯ ವಿಷಯ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ ಅಂತ ಡಾಕ್ಟರು ಹೇಳುತ್ತಾರೆ, ಹೇಳುವುದು ಸರಿಯೇ. ಆದರೆ ಎರಡು ವರ್ಷ ಒಬ್ಬಳೇ ಹೀಗೆ ಏಳುವುದು ಯಾವ ದೇಹಕ್ಕೆ ಸಾಧ್ಯ? ಜನ ಏನಂದಾರು ಅನ್ನುವ ನಿಮ್ಮ ಯಜಮಾನರು ವಾರಕ್ಕೆ ಮೂರು ರಾತ್ರಿ ತಾಯಿಯ ಪಕ್ಕ ಮಲಗಲಿ. ನಾದಿನಿ ತಿಂಗಳಿಗೆ ನಾಲ್ಕು ದಿನ ಬಂದಿರಲಿ, ಆಗದಿದ್ದರೆ ರಾತ್ರಿಗೆ ಬರುವವರ ಸಂಬಳದಲ್ಲಿ ಪಾಲು ಕೊಡಲಿ. ಮಕ್ಕಳಿರುವಾಗ ತಾಯಿಯ ಆರೈಕೆ ಸೊಸೆಯೊಬ್ಬಳ ತಲೆ ಮೇಲೇ ಯಾಕೆ ಬೀಳಬೇಕು, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಖರ್ಚಿಗೆ ಒಂದು ದಾರಿ. ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಶೇ 40 ಅಥವಾ ಜಾಸ್ತಿ ಇದ್ದರೆ, ಹಳೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವ ಮಗನಿಗೆ ತೆರಿಗೆಗೆ ಲೆಕ್ಕ ಹಿಡಿಯುವ ಆದಾಯದಲ್ಲಿ 75,000 ರೂಪಾಯಿ ಕಡಿತ ಸಿಗುತ್ತದೆ, ಶೇ 80 ಅಥವಾ ಜಾಸ್ತಿ ಇದ್ದರೆ 1,25,000.

ಮನಸ್ಸು ತೀರಾ ಕುಗ್ಗಿದ ದಿನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ರಾತ್ರಿಗೆ ಯಾರನ್ನಾದರೂ ಇಟ್ಟುಕೊಳ್ಳುವ ಬಗ್ಗೆ ಅತ್ತೆಯನ್ನು ಕೇಳಿದ್ದೀರಾ? ಅವರಿಗೆ ತಿಳಿಯುತ್ತದೆ ಅಂತ ನೀವೇ ಬರೆದಿದ್ದೀರಿ ಅಲ್ವಾ. ಹೌದು ಅಥವಾ ಇಲ್ಲ ಅಂತ ತಲೆ ಆಡಿಸಿದರೆ ಸಾಕಾಗುವ ಹಾಗೆ, ಒಂದೊಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಸಮಯ ಕೊಡಿ. ಆಗ ನಿಮ್ಮ ಯಜಮಾನರೂ ಪಕ್ಕದಲ್ಲಿ ಕೂತಿರಲಿ.