ಕಂತು ಅವರದು, ದಿನಸಿ ನನ್ನದು: ಇದು ಸಮಪಾಲೇ?

ಪ್ರಶ್ನೆ: ಇಬ್ಬರೂ ಕೆಲಸದಲ್ಲಿದ್ದೇವೆ. ಕೈಗೆ ಬರುವ ಸಂಬಳ ಅವರಿಗೆ ತಿಂಗಳಿಗೆ 60,000, ನನಗೆ 40,000. ಮನೆ ಸಾಲದ ಕಂತು 22,500 ಅವರು ಕಟ್ಟುತ್ತಾರೆ. ದಿನಸಿ, ಕರೆಂಟು, ನೀರು, ಮಗನ ಶಾಲೆಯ ಖರ್ಚು ಎಲ್ಲ ಸೇರಿ 22,000 ನನ್ನ ಪಾಲಿಗೆ. ಮನೆ ಅವರ ಹೆಸರಿನಲ್ಲಿದೆ. ‘ಸಮಸಮ ಹಾಕುತ್ತಿದ್ದೇವಲ್ಲ’ ಅನ್ನುತ್ತಾರೆ. ಆದರೆ ತಿಂಗಳ ಕೊನೆಗೆ ನನ್ನ ಕೈ ಮಾತ್ರ ಖಾಲಿ. ತಪ್ಪು ಎಲ್ಲಿದೆ?

ಉತ್ತರ: ಎರಡು ಕಡೆ ಇದೆ. ಮೊದಲನೆಯದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಅವರು ತಮ್ಮ ಸಂಬಳದ ಶೇ 37.5ರಷ್ಟನ್ನು ಮನೆಗೆ ಹಾಕುತ್ತಿದ್ದಾರೆ, ನೀವು ಶೇ 55ರಷ್ಟನ್ನು. ಮೊತ್ತ ಹೆಚ್ಚುಕಡಿಮೆ ಒಂದೇ, ಭಾರ ಒಂದೇ ಅಲ್ಲ.

ಎರಡನೆಯದು ಮುಖ್ಯವಾದದ್ದು, ಬಹಳ ದಂಪತಿಗಳು ಗಮನಿಸದೇ ಇರುವುದೂ ಅದನ್ನೇ. ದಿನಸಿಗೆ ಹಾಕಿದ ದುಡ್ಡು ಆ ತಿಂಗಳೇ ಕರಗಿಹೋಗುತ್ತದೆ. ಕಂತಿಗೆ ಹಾಕಿದ್ದರಲ್ಲಿ ಒಂದು ಭಾಗ ಆಸ್ತಿಯಾಗಿ ನಿಲ್ಲುತ್ತದೆ. ಶೇ 9ರ ಬಡ್ಡಿಗೆ 20 ವರ್ಷಕ್ಕೆ 25 ಲಕ್ಷ ಸಾಲ ತೆಗೆದರೆ ಕಂತು ಸುಮಾರು 22,500 ಬರುತ್ತದೆ; ನಿಮ್ಮದೂ ಇಂಥದ್ದೇ ಇರಬಹುದು. ಮೊದಲ ತಿಂಗಳ ಕಂತಿನಲ್ಲಿ 18,750 ಬರೀ ಬಡ್ಡಿ, ಅಸಲಿಗೆ ಹೋಗುವುದು 3,750ರ ಆಸುಪಾಸು. ಹತ್ತು ವರ್ಷದಲ್ಲಿ ಸುಮಾರು 27 ಲಕ್ಷ ಕಟ್ಟಿದ ಮೇಲೂ ಅಸಲು ಇಳಿದಿರುವುದು ಏಳೂಕಾಲು ಲಕ್ಷದಷ್ಟು ಮಾತ್ರ. ನಂತರದ ವರ್ಷಗಳಲ್ಲಿ ಅಸಲು ಬೇಗ ಬೇಗ ತೀರುತ್ತದೆ. ಮನೆಯ ಬೆಲೆ ಏರಿದರೆ ಅದೂ ಮನೆ ಯಾರ ಹೆಸರಲ್ಲಿದೆಯೋ ಅವರಿಗೇ. ಅದೇ ಹತ್ತು ವರ್ಷದಲ್ಲಿ ನೀವು ಹಾಕುವ 26.4 ಲಕ್ಷಕ್ಕೆ ಪ್ರತಿಯಾಗಿ ನಿಮ್ಮ ಹೆಸರಲ್ಲಿ ಉಳಿಯುವುದು ಏನೂ ಇಲ್ಲ. ನೀವು ಸಂಸಾರದ ಖರ್ಚು ಹೊತ್ತಿದ್ದಕ್ಕೇ ಅವರ ಕಂತು ಒಂದು ತಿಂಗಳೂ ತಪ್ಪದೆ ನಡೆಯುತ್ತಿದೆ. ನಿಮ್ಮ ಯಜಮಾನರು ಬೇಕೆಂದೇ ಹೀಗೆ ಮಾಡಿದ್ದಾರೆ ಎಂದು ನಾವು ಹೇಳುತ್ತಿಲ್ಲ. ‘ಇದು ನಿನಗೆ, ಅದು ನನಗೆ’ ಎಂದು ಖರ್ಚನ್ನು ಬಾಬ್ತುವಾರು ಹಂಚಿಕೊಂಡಾಗ ತಾನಾಗಿಯೇ ಆಗುವ ಎಡವಟ್ಟು ಇದು.

ಆದ್ದರಿಂದ ಬಾಬ್ತು ಹಂಚಿಕೊಳ್ಳುವುದನ್ನು ಬಿಡಿ. ಒಂದು ಜಂಟಿ ಖಾತೆ ತೆರೆದು ಕಂತು, ದಿನಸಿ, ಫೀಸು ಎಲ್ಲ ಅದರಿಂದಲೇ ಹೋಗಲಿ. ಇಬ್ಬರ ಸ್ವಂತ ಖಾತೆಗಳು ಹಾಗೇ ಇರಲಿ. ಮೊದಲು ಕಳೆದ 12 ತಿಂಗಳ ಸ್ಟೇಟ್‌ಮೆಂಟ್ ತೆಗೆದು, ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಹೆಕ್ಕಿ: ವಿಮೆ ಕಂತು, ಮನೆ ತೆರಿಗೆ, ಗಾಡಿ ಸರ್ವೀಸು, ರಿಪೇರಿ. ಜಂಟಿ ಖಾತೆಯ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ತಿಂಗಳ ಖರ್ಚನ್ನಷ್ಟೇ ಕೂಡಿಸಿರುತ್ತಾರೆ, ಆರನೇ ತಿಂಗಳಿಗೆ ವಿಮೆ ಬಂದಾಗ ಖಾತೆಯಲ್ಲಿ ಏನೂ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಇಂಥ ಖರ್ಚು ವರ್ಷಕ್ಕೆ 66,000 ಎಂದಿಟ್ಟುಕೊಂಡರೆ ತಿಂಗಳಿಗೆ 5,500. ಕಂತು, ಮನೆಖರ್ಚು ಸೇರಿದರೆ ಸರಿಯಾಗಿ 50,000. ಸಂಬಳದ ಪ್ರಮಾಣದಲ್ಲಿ, ಅಂದರೆ 60:40ರಲ್ಲಿ ಹಂಚಿದರೆ ಅವರು 30,000, ನೀವು 20,000. ಕೈಯಲ್ಲಿ ಉಳಿಯುವುದು ಅವರಿಗೆ 30,000, ನಿಮಗೆ 20,000.

ಇನ್ನೊಂದು ದಾರಿ ಇದೆ, ನಮಗೆ ಅದೇ ಹೆಚ್ಚು ಇಷ್ಟ. ಒಂದು ಲಕ್ಷದಲ್ಲಿ ಮನೆಗೆ 50,000, ಇಬ್ಬರ ಹೆಸರಿನ ಉಳಿತಾಯಕ್ಕೆ 20,000. ಉಳಿದ 30,000ವನ್ನು ತಲಾ 15,000 ಸ್ವಂತಕ್ಕೆ ಇಟ್ಟುಕೊಳ್ಳುವುದು. ಹೀಗೆ ಮಾಡಿದರೆ ಅವರು 45,000, ನೀವು 25,000 ಜಂಟಿ ಖಾತೆಗೆ ಹಾಕುತ್ತೀರಿ. ಸಂಬಳದಲ್ಲಿ ವ್ಯತ್ಯಾಸ ಇದ್ದರೂ ಕೈಖರ್ಚಿನಲ್ಲಿ ಇರುವುದಿಲ್ಲ. ಯಾವ ದಾರಿ ಹಿಡಿದರೂ ಸಂಬಳ ಬಂದ ಮರುದಿನವೇ ದುಡ್ಡು ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಹೇಳಿಡಿ, ಕಂತಿನ ತಾರೀಕು ಅದಾದ ಮೂರು ನಾಲ್ಕು ದಿನಕ್ಕೆ ಇರಲಿ. ಜಂಟಿ ಖಾತೆಯಲ್ಲಿ ಒಂದು ತಿಂಗಳ ಖರ್ಚಿನಷ್ಟು ಹೆಚ್ಚುವರಿ ಯಾವಾಗಲೂ ಇರಲಿ. ಒಬ್ಬರ ಸಂಬಳ ತಡವಾದರೆ ಕಂತು ಬೌನ್ಸ್ ಆಗುತ್ತದೆ. ದಂಡ ಕಟ್ಟಬೇಕು, ಜತೆಗೆ ಸಾಲದ ದಾಖಲೆಗೂ ಕಪ್ಪುಚುಕ್ಕೆ.

ಇನ್ನು ಮನೆಯ ಹೆಸರು. ಸಾಲದ ಪತ್ರಕ್ಕೆ ಸಹಿ ಹಾಕಿದರೆ ಸಾಲಕ್ಕೆ ಹೊಣೆಯಾಗುತ್ತೀರಿ, ಮಾಲೀಕರಾಗುವುದಿಲ್ಲ. ಮಾಲೀಕತ್ವಕ್ಕೆ ಕ್ರಯಪತ್ರದಲ್ಲಿ ಹೆಸರು ಬೇಕು. ಮದುವೆಯಾದ ಮೇಲೆ ಕೊಂಡ ಆಸ್ತಿ ಇಬ್ಬರದೂ ಎನ್ನುವ ಕಾನೂನು ಕೆಲವು ದೇಶಗಳಲ್ಲಿದೆ, ಎಲ್ಲ ಕಡೆ ಇಲ್ಲ. ಈಗ ಹೆಸರು ಸೇರಿಸಲು ನೋಂದಣಿ ಖರ್ಚು ಜಾಸ್ತಿ ಎನಿಸಿದರೆ, ಕಂತಿನಲ್ಲಿ ನಿಮ್ಮ ಪಾಲು ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಿಡಿ. ವರ್ಗಾವಣೆಯ ದಾಖಲೆಯನ್ನೂ ಜತೆಗಿಡಿ. ಆ ಬರಹಕ್ಕೆ ನಿಮ್ಮಲ್ಲಿ ಎಷ್ಟು ಬೆಲೆ ಇದೆ ಎಂದು ವಕೀಲರನ್ನು ಒಮ್ಮೆ ಕೇಳಿ. ಇಷ್ಟೂ ಆಗದು ಎಂದರೆ, ಪ್ರತಿ ತಿಂಗಳು ಅಸಲಿಗೆ ಹೋಗುವಷ್ಟು ಮೊತ್ತವನ್ನಾದರೂ ನಿಮ್ಮ ಹೆಸರಿನ ಉಳಿತಾಯಕ್ಕೆ ಹಾಕಿಸಿಕೊಳ್ಳಿ.

ಪ್ರಶ್ನೆ: ಮಗು ಆದ ಮೇಲೆ ಕೆಲಸ ಬಿಟ್ಟೆ. ನನ್ನವರು ಇಲ್ಲ ಅನ್ನುವವರಲ್ಲ, ಕೇಳಿದಾಗೆಲ್ಲ ಕೊಡುತ್ತಾರೆ. ಆದರೂ ಒಂದು ಚಪ್ಪಲಿಗೂ ಕೇಳಬೇಕಲ್ಲ ಎಂದು ಮನಸ್ಸಿಗೆ ಹಿಂಸೆ.

ಉತ್ತರ: ಕೇಳುವ ಪ್ರಸಂಗವೇ ಬಾರದಂತೆ ಮಾಡಬೇಕು. ಸಂಬಳ ಬಂದ ದಿನ ಇಬ್ಬರ ಸ್ವಂತ ಖಾತೆಗೂ ಒಂದೇ ಮೊತ್ತ ತಾನಾಗಿ ಹೋಗಲಿ. ಅದಕ್ಕೆ ಲೆಕ್ಕ ಕೇಳುವಂತಿಲ್ಲ, ಕೊಡುವಂತಿಲ್ಲ. ಮನೆಖರ್ಚು ಇದರಲ್ಲಿ ಸೇರಬಾರದು. ‘ನಿನ್ನ ದುಡ್ಡಿತ್ತಲ್ಲ, ಹಾಲಿಗೆ ಅದರಲ್ಲೇ ಕೊಡಬಹುದಿತ್ತು’ ಎಂಬ ಮಾತು ಬಂದರೆ ಏರ್ಪಾಡು ಅಲ್ಲಿಗೆ ಮುರಿದಂತೆ.

ಕೈಖರ್ಚಿಗಿಂತ ದೊಡ್ಡ ನಷ್ಟ ಒಂದಿದೆ. ಕೆಲಸದಲ್ಲಿದ್ದಾಗ ನಿಮ್ಮ ಹೆಸರಿಗೆ ಸೇರುತ್ತಿದ್ದ ನಿವೃತ್ತಿ ಉಳಿತಾಯ ನಿಂತುಹೋಗಿದೆ. ತಿಂಗಳಿಗೆ 5,000ದಂತೆ ಐದು ವರ್ಷ ಕಟ್ಟಿದರೆ ನಿಮ್ಮ ಕೈಯಿಂದ ಹೋಗುವುದು ಮೂರು ಲಕ್ಷ. ಶೇ 8ರ ಗಳಿಕೆಯಲ್ಲಿ ಅದು ಐದನೇ ವರ್ಷದ ಕೊನೆಗೆ ಸುಮಾರು 3.67 ಲಕ್ಷ, ಮುಟ್ಟದೆ ಇನ್ನೂ 20 ವರ್ಷ ಬಿಟ್ಟರೆ 18 ಲಕ್ಷದಷ್ಟು. ಐದು ವರ್ಷ ಕಟ್ಟದೇ ಬಿಟ್ಟರೆ ಕಳೆದುಕೊಳ್ಳುವುದು ಇಷ್ಟು. ಮಗುವನ್ನು ನೋಡಿಕೊಳ್ಳಲೆಂದು ಇಬ್ಬರೂ ಸೇರಿ ಮಾಡಿದ ತೀರ್ಮಾನದ ನಷ್ಟ ಒಬ್ಬರ ಮೇಲೇ ಬೀಳಬಾರದು. ಅವರ ಸಂಬಳದಿಂದಲೇ ನಿಮ್ಮ ಹೆಸರಲ್ಲಿ ಈ ಉಳಿತಾಯ ಮುಂದುವರಿಯಲಿ.

ಪ್ರಶ್ನೆ: ಹೆಂಡತಿಗೆ ಖಾಯಂ ಸಂಬಳ. ನನ್ನದು ಫ್ರೀಲಾನ್ಸ್, ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಇಲ್ಲ. ಪ್ರಮಾಣದ ಲೆಕ್ಕ ಹಾಕುವುದು ಹೇಗೆ?

ಉತ್ತರ: ಸರಾಸರಿ ಹಿಡಿಯಬೇಡಿ. ಸರಾಸರಿಗೆ ಒಪ್ಪಿಕೊಂಡರೆ ಎಷ್ಟೋ ತಿಂಗಳು ಅಷ್ಟು ಬಂದೇ ಇರುವುದಿಲ್ಲ, ಆಗೆಲ್ಲ ಕೊರತೆ ತುಂಬುವುದು ಹೆಂಡತಿಯ ಸಂಬಳವೇ. ಕಳೆದ 12 ತಿಂಗಳಲ್ಲಿ ಅತಿ ಕಡಿಮೆ ಬಂದ ಮೂರು ತಿಂಗಳು ತೆಗೆದುಕೊಂಡು ಆ ಮೂರರ ಸರಾಸರಿಗೆ ಮಾಸಿಕ ಪಾಲು ನಿಗದಿಮಾಡಿ. ಬಂದ ದುಡ್ಡೆಲ್ಲ ಮೊದಲು ನಿಮ್ಮ ಒಂದು ಪ್ರತ್ಯೇಕ ಖಾತೆಗೆ ಬೀಳಲಿ. ತೆರಿಗೆಯ ಭಾಗವನ್ನು ಅಂದೇ ಎತ್ತಿಟ್ಟು, ತಿಂಗಳಿಗೊಮ್ಮೆ ಅಲ್ಲಿಂದ ನಿಗದಿಯಾದಷ್ಟನ್ನು ಜಂಟಿ ಖಾತೆಗೆ ಕಳಿಸಿ. ಮೂರು ತಿಂಗಳಿಗೊಮ್ಮೆ ಇಬ್ಬರೂ ಕೂತು ನಿಜವಾದ ಗಳಿಕೆ ನೋಡಿ, ನೀವು ಕೊಡಬೇಕಾದ ಪ್ರಮಾಣಕ್ಕೆ ಕಡಿಮೆ ಬಿದ್ದದ್ದನ್ನು ಸೇರಿಸಿ. ತೆರಿಗೆ ಎತ್ತಿಡದೇ ಇದ್ದರೆ ಆ ಬಾಕಿ ವರ್ಷದ ಕೊನೆಗೆ ಜಂಟಿ ಉಳಿತಾಯದ ಮೇಲೆ ಬಂದು ಬೀಳುತ್ತದೆ. ಜಗಳ ಶುರುವಾಗುವುದೂ ಆಗಲೇ.

ಪ್ರಶ್ನೆ: ಹೊಸದಾಗಿ ಮದುವೆಯಾಗಿದ್ದೇವೆ. ಎಲ್ಲ ಒಂದೇ ಖಾತೆಯಲ್ಲಿ ಇಡಿ ಎಂದು ಕೆಲವರು, ಬೇರೆ ಇರಲಿ ಎಂದು ಕೆಲವರು. ಯಾವುದು ಸರಿ?

ಉತ್ತರ: ಅಮೆರಿಕದಲ್ಲಿ 230 ಜೋಡಿಗಳನ್ನು ಎರಡು ವರ್ಷ ಗಮನಿಸಿದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮದುವೆ ಗೊತ್ತಾದವರು, ಹೊಸದಾಗಿ ಮದುವೆಯಾದವರು ಅದರಲ್ಲಿದ್ದರು. ದುಡ್ಡನ್ನು ಜಂಟಿ ಖಾತೆಗೆ ಸೇರಿಸಲು ಹೇಳಿದ ಜೋಡಿಗಳಲ್ಲಿ ಅನ್ಯೋನ್ಯತೆ ಉಳಿದವರಿಗಿಂತ ಚೆನ್ನಾಗಿ ಉಳಿದಿತ್ತು. ಹಾಗಂತ ಇದು ಎಲ್ಲರಿಗೂ ಹೊಂದಬೇಕೆಂದಿಲ್ಲ. ಮದುವೆಗೆ ಮುಂಚಿನ ಸಾಲ ಒಬ್ಬರ ಮೇಲಿದ್ದರೆ ಅದನ್ನು ಅವರ ಸ್ವಂತ ಖಾತೆಯಿಂದಲೇ ತೀರಿಸುವುದು ಒಳ್ಳೆಯದು. ಸಾಲ ಕೊಟ್ಟವರು ಜಂಟಿ ಖಾತೆಯ ದುಡ್ಡಿಗೂ ಕೈಹಾಕುವ ಅವಕಾಶ ಹಲವು ಕಡೆ ಇದೆ. ಸಂಗಾತಿಯ ಮೇಲೆ ಭಯವಿದ್ದರೆ, ಕೇಳದೆ ದುಡ್ಡು ತೆಗೆದು ಕಳೆಯುವ ಚಾಳಿ ಅವರಿಗಿದ್ದರೆ, ಜಂಟಿ ಖಾತೆಯನ್ನೇ ಮಾಡಬೇಡಿ. ಇಬ್ಬರಲ್ಲಿ ಯಾರ ಸಹಿಯಾದರೂ ನಡೆಯುವ ಖಾತೆಯನ್ನು ಒಬ್ಬರೇ ಪೂರ್ತಿ ಖಾಲಿ ಮಾಡಿದರೂ ಬ್ಯಾಂಕು ತಡೆಯುವುದಿಲ್ಲ. ಇಬ್ಬರ ಸಹಿಯೂ ಬೇಕು ಎಂದು ಬರೆಸಿದರೆ ಆ ಭಯವಿಲ್ಲ, ಆದರೆ ಒಬ್ಬರು ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬರು ಚಿಕ್ಕಾಸೂ ತೆಗೆಯಲಾರರು. ದಿನದ ಖರ್ಚಿನ ಖಾತೆಗೆ ಮೊದಲನೆಯದು, ದೊಡ್ಡ ಉಳಿತಾಯಕ್ಕೆ ಎರಡನೆಯದು ಎಂದು ನಾವು ಹೇಳುತ್ತೇವೆ.

ಖಾತೆ ತೆರೆಯುವ ಫಾರಂನಲ್ಲಿ, ಒಬ್ಬರು ತೀರಿಕೊಂಡರೆ ದುಡ್ಡು ಉಳಿದವರಿಗೆ ಹೋಗುತ್ತದೆ ಎಂಬ ಷರತ್ತು ಇದೆಯೇ ಎಂದು ಸಹಿ ಹಾಕುವ ಮುಂಚೆ ಓದಿ. ಅದಿಲ್ಲದಿದ್ದರೆ ವಾರಸುದಾರರ ಕಾಗದಪತ್ರ ಮುಗಿಯುವ ತನಕ ಖಾತೆ ತಡೆಯಲ್ಲಿ ನಿಲ್ಲಬಹುದು. ಇದೇ ಕಾರಣಕ್ಕೆ ಇಬ್ಬರ ಸ್ವಂತ ಖಾತೆಗಳಲ್ಲೂ ಎರಡು ಮೂರು ತಿಂಗಳ ಮನೆಖರ್ಚಿನಷ್ಟು ದುಡ್ಡು ಪ್ರತ್ಯೇಕವಾಗಿ ಇರಲಿ. ಯಾವ ಖಾತೆ, ಯಾವ ವಿಮೆ, ಯಾವ ಸಾಲ ಎಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ, ಆ ಹಾಳೆ ಇಬ್ಬರ ಕೈಗೂ ಸಿಗುವಂತಿರಲಿ.