ವಾಲ್ವ್ ಬುಡದಾಗ ಗುಳ್ಳಿ ಬಂದ್ರ ವಾಲ್ವ್ ಬದಲಿಸಬ್ಯಾಡ್ರಿ

ಟ್ಯೂಬ್‌ಲೆಸ್ ಎಂಟಿಬಿ (ಗುಡ್ಡಗಾಡಿನ ಸೈಕಲ್) ಇಟ್ಟುಕೊಂಡವರು ಕಳಿಸುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ. ಅದಕ್ಕೆ ಈ ಸಲ ಪೂರ್ತಿ ಉತ್ತರ ಕೊಟ್ಟುಬಿಡುತ್ತೇನೆ. ಟ್ಯೂಬ್‌ಲೆಸ್ ಅಂದರೆ ಒಳಗೆ ಟ್ಯೂಬ್ ಇಲ್ಲದ ಟೈರ್, ಸೀಲಂಟ್ ಅಂದರೆ ಸಣ್ಣ ತೂತು ಮುಚ್ಚಲು ಅದರೊಳಗೆ ಹಾಕುವ ದ್ರವ; ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ.

ನನ್ನ 29 ಇಂಚಿನ ಸೈಕಲ್ಲಿನ ಹಿಂದಿನ ಗಾಲಿಗೆ ರಾತ್ರಿ ಗಾಳಿ ಹಾಕಿಟ್ರ ಮುಂಜಾನೆ ಪೂರಾ ಕುಂತಿರ್ತದ. ಎರಡು ಸಲ ಸೀಲಂಟ್ ಹಾಕಿಸೇನಿ. ಸೋಪಿನ ನೀರು ಹಾಕಿದ್ರ ವಾಲ್ವ್ ಬುಡದಾಗ ಗುಳ್ಳಿ ಬರ್ತಾವ. ವಾಲ್ವೂ ಹೊಸಾದು ಹಾಕಿಸಿದೆ. ಇನ್ನೇನ್ ಮಾಡ್ಲಿ?
– ವಿದ್ಯಾನಗರ, ಹುಬ್ಬಳ್ಳಿ

ರಿಮ್ ಟೇಪ್, ಅಂದರೆ ಟೈರಿನ ಅಡಿಯಲ್ಲಿ ರಿಮ್ಮಿನ ಸುತ್ತ ಅಂಟಿಸಿರುವ ಪಟ್ಟಿ, ಬಿಚ್ಚಿ ನೋಡಿ. ಹೀಗೆ ಕೇಳುವವರೆಲ್ಲ ವಾಲ್ವ್ ಬದಲಿಸಿರುತ್ತಾರೆ, ಸೀಲಂಟಿಗೆ ದುಡ್ಡು ಸುರಿದಿರುತ್ತಾರೆ. ಟೇಪ್ ಮಾತ್ರ ಯಾರೂ ಮುಟ್ಟಿರುವುದಿಲ್ಲ.

ನಿಮ್ಮ ರಿಮ್ ಎರಡು ಗೋಡೆಯದು, ನಡುವೆ ಪೊಳ್ಳು. ಸ್ಪೋಕ್ ತೂತುಗಳನ್ನು ಮುಚ್ಚಿರುವುದು ಟೇಪ್ ಒಂದೇ. ಅದು ಎಲ್ಲಾದರೂ ಒಂದು ಕಡೆ ಎದ್ದರೆ ಗಾಳಿ ಆ ಪೊಳ್ಳಿಗೆ ಇಳಿದು, ಒಳಗೇ ಸುತ್ತಿ, ದಾರಿ ಸಿಕ್ಕಲ್ಲಿ ಹೊರಬೀಳುತ್ತದೆ. ವಾಲ್ವಿನ ತೂತು, ಸ್ಪೋಕ್ ನಿಪ್ಪಲ್ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು), ರಿಮ್ ಕೂಡಿಸಿದ ಜಾಗ, ಎಲ್ಲಿಂದಲಾದರೂ ಬರಬಹುದು. ನೀವು ಗುಳ್ಳೆ ನೋಡಿದ್ದು ಗಾಳಿ ಹೊರಬಂದ ಜಾಗ. ಸೋರಿದ ಜಾಗ ಗಾಲಿಯ ಆಚೆ ಬದಿಗೂ ಇರಬಹುದು. ನಿಪ್ಪಲ್‌ಗಳಿಗೂ ಸೋಪಿನ ನೀರು ಬಿಡಿ. ಅಲ್ಲೂ ಗುಳ್ಳೆ ಬಂದರೆ ಹೆಚ್ಚಾಗಿ ಟೇಪೇ. ವಾಲ್ವಿನ ತುದಿಯಲ್ಲಿ ಗುಳ್ಳೆ ಬಂದರೆ ಮಾತ್ರ ಅದರ ಕೋರ್ (ತಿರುಗಿಸಿ ತೆಗೆಯಬಹುದಾದ ಒಳಭಾಗ) ಸಡಿಲ ಅಥವಾ ಕಸ ಕಟ್ಟಿದೆ ಎಂದರ್ಥ. ಟೈರಿನ ಅಂಚಿನಲ್ಲಿ ಬಂದರೆ ಸೋರುವುದು ಅಲ್ಲಿಯೇ: ಒಣಗಿದ ಸೀಲಂಟ್ ಕೆರೆದು ತೆಗೆಯಿರಿ, ರಿಮ್ಮಿನ ಅಂಚು ಬಗ್ಗಿದೆಯೇ ಬೆರಳಾಡಿಸಿ ನೋಡಿ.

ಟೈರ್ ತೆಗೆದ ಮೇಲೆ ಬೆಳಕಿಗೆ ಹಿಡಿದು ಟೇಪ್ ನೋಡಿ. ಟೇಪಿನ ಅಂಚಿನಿಂದ ಯಾವುದೋ ಒಂದು ಸ್ಪೋಕ್ ತೂತಿನ ತನಕ ಅಡಿಯಲ್ಲಿ ಬಿಳಿ ಗೆರೆ ಹರಿದಿದ್ದರೆ, ಸೀಲಂಟ್ ನುಸುಳಿದ ದಾರಿ ಅದೇ, ಗಾಳಿಯದೂ ಅದೇ. ಮೇಲೊಂದು ತುಂಡು ಅಂಟಿಸಿ ಕೈತೊಳೆದುಕೊಳ್ಳಬೇಡಿ. ಪೂರಾ ಕಿತ್ತು ಹಾಕಿ.

ಹಳೆಯ ಅಂಟು ಒಂದಿಷ್ಟೂ ಉಳಿಯಬಾರದು. ಮೆಡಿಕಲ್ ಶಾಪಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಶುದ್ಧ ಅರಿವೆಯಿಂದ ಅದನ್ನೇ ಹಚ್ಚಿ ಒರೆಸಿ. ಸೀಮೆಎಣ್ಣೆ ಬೇಡವೇ ಬೇಡ, ಅದರ ಜಿಡ್ಡಿನ ಮೇಲೆ ಯಾವ ಟೇಪೂ ನಿಲ್ಲುವುದಿಲ್ಲ. ರಿಮ್ಮಿನ ಮೇಲೆ 622x25 ಎಂಬಂತೆ ಅಂಕಿ ಇರುತ್ತದೆ. ಎರಡನೆಯದು ಒಳಗಿನ ಅಗಲ, ಮಿಲಿಮೀಟರಿನಲ್ಲಿ. ಟೇಪ್ ಅದಕ್ಕಿಂತ ಮೂರು-ನಾಲ್ಕು ಮಿಲಿಮೀಟರ್ ಅಗಲ ಇರಲಿ, ಅಂಚು ಎರಡೂ ಬದಿಯ ಗೋಡೆಗೆ ಹತ್ತಬೇಕು. ಟ್ಯೂಬ್‌ಲೆಸ್ ಟೇಪೇ ಬೇಕು. ಕರೆಂಟಿನವರ ಕಪ್ಪು ಟೇಪ್ ಸುತ್ತಿಕೊಡುವವರ ಹತ್ತಿರ ಗಾಲಿ ಬಿಡಬೇಡಿ. ಅದು ಹಿಗ್ಗುತ್ತದೆ, ಸೆಕೆಗೆ ಅಂಟು ಬಿಟ್ಟು ಜಾರುತ್ತದೆ.

ವಾಲ್ವ್ ತೂತಿಗಿಂತ ನಾಲ್ಕು ಬೆರಳು ಹಿಂದೆ ಶುರು ಮಾಡಿ, ಬಿಗಿಯಾಗಿ ಎಳೆದು ಸುತ್ತುತ್ತಾ ಬಂದು, ತೂತು ದಾಟಿ ಇನ್ನೂ ನಾಲ್ಕು ಬೆರಳು ಮುಂದೆ ಕತ್ತರಿಸಿ. ವಾಲ್ವ್ ಹತ್ತಿರ ಎರಡು ಪದರ ಆಯಿತು. ಗುಳ್ಳೆ ಉಳಿಯದಂತೆ ಹೆಬ್ಬೆರಳಿನಿಂದ ತಿಕ್ಕಿ. ಪುರಸೊತ್ತು ಇದ್ದರೆ ಒಂದು ರಾತ್ರಿ ಟ್ಯೂಬ್ ಹಾಕಿ ಗಾಳಿ ತುಂಬಿಡಿ; ಟೇಪ್ ಒತ್ತಿ ಕೂರುತ್ತದೆ.

ವಾಲ್ವಿಗೆ ತೂತು ಮಾಡುವಾಗ ಬ್ಲೇಡ್ ಹಚ್ಚುವುದು ದೊಡ್ಡ ತಪ್ಪು. ಆ ಸೀಳು ದಿನದಿಂದ ದಿನಕ್ಕೆ ಬೆಳೆಯುತ್ತದೆ. ದಬ್ಬಣದ ತುದಿ ಕಾಯಿಸಿ ಟೈರ್ ಕೂರುವ ಬದಿಯಿಂದ ಚುಚ್ಚಿ. ಅಂಚು ಕರಗಿ ದುಂಡಗಾಗುತ್ತದೆ, ಹರಿಯುವುದಿಲ್ಲ. ವಾಲ್ವಿನ ನಟ್ಟಿಗೆ ಬೆರಳ ಬಿಗಿ ಸಾಕು, ಪಕ್ಕಡ ಹಚ್ಚಬೇಡಿ. ಟೈರ್ ಏರಿಸುವಾಗ ಸ್ಕ್ರೂಡ್ರೈವರ್ ಕಂಡರೆ ನನಗೆ ಸಿಟ್ಟು ಬರುತ್ತದೆ: ಹೊಸ ಟೇಪ್ ಅಲ್ಲಿಯೇ ಹರಿಯುತ್ತದೆ. ಕೈಯಿಂದಲೇ ಏರಿಸಿ, ಆಗದಿದ್ದರೆ ಪ್ಲಾಸ್ಟಿಕ್ ಲಿವರ್.

ಸೀಲಂಟ್ 100ರಿಂದ 120 ಮಿಲಿಲೀಟರ್. ಟೈರಿನ ಅಂಚಿಗೆ ಸೋಪಿನ ನೀರು ಹಚ್ಚಿ, ವಾಲ್ವಿನ ಕೋರ್ ತೆಗೆದು ಕಂಪ್ರೆಸರಿನಿಂದ ಗಾಳಿ ಬಿಡಿ. ಟಪ್ ಟಪ್ ಎಂದು ಕೂರುತ್ತದೆ. ರಿಮ್ ಮತ್ತು ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡಗಳಲ್ಲಿ ಕಡಿಮೆ ಯಾವುದೋ ಅದನ್ನು ದಾಟಬೇಡಿ. ಆಮೇಲೆ ಗಾಲಿಯನ್ನು ಬಕೆಟ್ಟಿನ ಮೇಲೆ ಒಂದೊಂದು ಮಗ್ಗುಲಿಗೆ ಸ್ವಲ್ಪ ಹೊತ್ತು ಮಲಗಿಸಿ, ಅಲುಗಾಡಿಸಿ, ಉಣಕಲ್ ಕೆರೆ ತನಕ ಒಂದು ಸುತ್ತು ಹೊಡೆದು ಬನ್ನಿ. ಹೊಸ ಟೈರಿನ ಪಕ್ಕೆಯಲ್ಲಿ ಮೊದಲ ದಿನಗಳಲ್ಲಿ ಸೀಲಂಟ್ ಸಣ್ಣಗೆ ಜಿನುಗಿದರೆ ಗಾಬರಿ ಬೇಡ. ಇಷ್ಟಾದ ಮೇಲೂ ರಾತ್ರಿ ಕಳೆಯುವುದರೊಳಗೆ ಕೂತರೆ ರಿಮ್ಮಿನಲ್ಲಿ ಬಿರುಕು ಹುಡುಕಿ.

ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ. ಎರಡು ತಿಂಗಳಿಗೊಮ್ಮೆ ಕೋರ್ ತೆಗೆದು, ವಾಲ್ವ್ ಕೆಳಗೆ ಬರುವಂತೆ ಗಾಲಿ ತಿರುಗಿಸಿ, ತೆಳ್ಳನೆ ಕೇಬಲ್ ಟೈ ಇಳಿಸಿ ನೋಡಿ. ತುದಿ ಒಣಗಿ ಬಂದರೆ ಆಗ ಸೀಲಂಟ್ ಹಾಕಿ, ಬೇಡ ಅನ್ನುವುದಿಲ್ಲ.

ಕಪ್ಪತಗುಡ್ಡದ ಕಡೆ ಹೋದಾಗ ಜಾಲಿ ಮುಳ್ಳು ಚುಚ್ಚಿದರೆ ಕೀಳಬಾರದಂತೆ, ಹೌದೇ? – ಗದಗ

ಕೀಳಿ. ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ನಿಲ್ಲಿ, ಮುಚ್ಚುತ್ತದೆ. ದೊಡ್ಡ ತೂತಿಗೆ ತುರುಕುವ ಪ್ಲಗ್ ಕಿಸೆಯಲ್ಲಿರಲಿ.

ಮೋಟಾರ್ ಸೈಕಲ್ಲಿನ ಸೀಲಂಟ್ ಸೋವಿ ಸಿಗುತ್ತದೆ, ನಡೆಯುತ್ತದೆಯೇ? – ಹಾವೇರಿ

ಇಲ್ಲ.

ಸೋರುವುದು ನಿಲ್ಲಲಿ ಎಂದು ಪಂಕ್ಚರ್ ಅಂಗಡಿಯವರು 60 ಪಿಎಸ್‌ಐ ಹಾಕಿಕೊಟ್ಟಿದ್ದಾರೆ. – ಸಪ್ತಾಪುರ, ಧಾರವಾಡ

ಇವತ್ತೇ ಇಳಿಸಿ. ಒತ್ತಡ ಹೆಚ್ಚಾದಷ್ಟೂ ಸೋರುವುದು ಹೆಚ್ಚು, ಅಗಲ ರಿಮ್ಮಿನಿಂದ ಟೈರ್ ಸಿಡಿದು ಹೊರಬರಲೂಬಹುದು. 2.3 ಇಂಚಿನ ಟೈರಿಗೆ 25ರ ಆಸುಪಾಸು ಸಾಕು, ಮೈಭಾರ ನೋಡಿ ಎರಡು-ಮೂರು ಹೆಚ್ಚುಕಮ್ಮಿ.

ಕಂಪ್ರೆಸರ್ ಇಲ್ಲ. ಪೆಟ್ರೋಲ್ ಸಿಂಪಡಿಸಿ ಕಡ್ಡಿ ಗೀರಿ ಟೈರ್ ಕೂರಿಸುವ ವಿಡಿಯೊ ನೋಡಿದೆ. ಮಾಡಬಹುದೇ? – ನವಲಗುಂದ

ಮಾಡಬೇಡಿ, ಮಾಡುವವರ ಪಕ್ಕ ನಿಲ್ಲಲೂಬೇಡಿ. ಮುಖ, ಕೈ ಸುಟ್ಟುಕೊಳ್ಳುತ್ತೀರಿ, ಟೇಪೂ ಸುಡುತ್ತದೆ. ಪ್ರೆಸ್ಟಾ ವಾಲ್ವಿಗೆ (ಇಂಥ ಸೈಕಲ್ಲಿನ ತೆಳ್ಳನೆ ವಾಲ್ವ್) ಅಂಗಡಿಯ ಪೈಪ್ ಕೂರಿಸುವ ಅಡಾಪ್ಟರ್ ಅಗ್ಗಕ್ಕೇ ಸಿಗುತ್ತದೆ. ಅದನ್ನು ಹಾಕಿಕೊಂಡು ಯಾವ ಪಂಕ್ಚರ್ ಅಂಗಡಿಗಾದರೂ ಹೋಗಿ, ಮೀಟರ್ ಮೇಲೆ ಕಣ್ಣಿಟ್ಟು ನೀವೇ ಗಾಳಿ ಬಿಡಿ.