ಕಾಸರಗೋಡಿನ ಕನ್ನಡ ಮಕ್ಕಳು ಡಿಗ್ರಿಗೆ ಎಲ್ಲಿಗೆ ಹೋಗುವುದು?

ಘಟ್ಟದ ಮೇಲಿನವರು ಹೆಚ್ಚಾಗಿ ಕೇಳುವ ಪ್ರಶ್ನೆ: "ನಿಮ್ಮಲ್ಲಿ ಮಕ್ಕಳೆಲ್ಲ ಕಾಲೇಜಿಗೆ ಮಂಗಳೂರಿಗೇ ಬರುವುದಲ್ವಾ?" ಬರುವವರು ಉಂಟು. ಬೆಳಗ್ಗಿನ ರೈಲಿನಲ್ಲಿ ಸೀಸನ್ ಟಿಕೆಟ್ ಹಿಡಿದುಕೊಂಡು ಹೋಗುವವರನ್ನು ಮಂಜೇಶ್ವರ, ಉಪ್ಪಳ, ಕುಂಬಳೆ ಸ್ಟೇಷನ್ನುಗಳಲ್ಲಿ ನೋಡಬಹುದು. ಆದರೆ ಎಲ್ಲರೂ ಹೋಗುವುದಿಲ್ಲ. ಹೋಗಲೇಬೇಕು ಅಂತಲೂ ಇಲ್ಲ.

ಕಾಸರಗೋಡು ಕೇರಳದಲ್ಲಿದೆ, ಹಾಗಾಗಿ ನಮ್ಮ ಜಿಲ್ಲೆಯ ಕಾಲೇಜುಗಳು ಸೇರುವುದು ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ. ಅದು ಆರಂಭವಾದದ್ದು 1996ರಲ್ಲಿ, ಅದಕ್ಕೆ ಮೊದಲು ಕಲ್ಲಿಕೋಟೆ ವಿಶ್ವವಿದ್ಯಾನಿಲಯ. ಕಾಸರಗೋಡು ಮತ್ತು ಕಣ್ಣೂರು ಜಿಲ್ಲೆಗಳ ಜೊತೆಗೆ ವಯನಾಡಿನ ಮಾನಂತವಾಡಿ ತಾಲೂಕು ಕೂಡ ಇದರ ವ್ಯಾಪ್ತಿಯಲ್ಲಿ ಬರುತ್ತದೆ. ವಿದ್ಯಾನಗರದ ಸರಕಾರಿ ಕಾಲೇಜು 1957ರದ್ದು. ಅಲ್ಲಿ ಕನ್ನಡ ಎಂಎವರೆಗೂ ಓದಬಹುದು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು ಉಂಟು. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಇದೆ. ಅಂದರೆ ಓದಲು ಜಾಗ ಇಲ್ಲ ಎನ್ನುವ ಮಾತು ಸುಳ್ಳು.

ತೊಡಕು ಬೇರೆಯೇ. ಹದಿನೆಂಟರ ವಯಸ್ಸಿನಲ್ಲಿ ವಿಶ್ವವಿದ್ಯಾನಿಲಯ ಆರಿಸುವುದೆಂದರೆ ನಮ್ಮಲ್ಲಿ ಮುಂದೆ ಯಾವ ರಾಜ್ಯದಲ್ಲಿ ಕೆಲಸ ಹುಡುಕುವುದು ಎಂಬುದನ್ನೂ ಅರ್ಧಕ್ಕರ್ಧ ತೀರ್ಮಾನಿಸಿದ ಹಾಗೆ. 2024ರಲ್ಲಿ ಆದದ್ದು ನೋಡಿ. ಕೇರಳ ನಾಲ್ಕು ವರ್ಷದ ಡಿಗ್ರಿ ಶುರುಮಾಡಿತು: ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿ ಹೊರಬರಬಹುದು, ನಾಲ್ಕನೆಯ ವರ್ಷವೂ ಓದಿ 177 ಮಾಡಿದರೆ ಆನರ್ಸ್. ಅದೇ ವರ್ಷ ಕರ್ನಾಟಕ ತಾನು ತಂದಿದ್ದ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟು ಮೂರಕ್ಕೆ ಮರಳಿತು. ಒಂದೇ ಮನೆಯ ಅಕ್ಕ ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆಯಲ್ಲಿ, ತಂಗಿ ವಿದ್ಯಾನಗರದಲ್ಲಿ ಓದುತ್ತಿದ್ದರೆ ಅವರ ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುವುದೇ ಕಷ್ಟ.

ಇನ್ನು ಸ್ಕಾಲರ್‌ಶಿಪ್. ಹೊರಗಿನವರಿಗೆ ಅರ್ಥವಾಗದೆ ಉಳಿಯುವುದು ಇದೇ. ಕರ್ನಾಟಕದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ (ಅಲ್ಲಿನ ಕಂದಾಯ ಇಲಾಖೆ ಪತ್ರಕ್ಕೆ ಹಾಕುವ ಸಂಖ್ಯೆ) ಕೇಳುತ್ತದೆ. ನಮ್ಮ ವಿಲ್ಲೇಜ್ ಆಫೀಸಿನವರು ಕೊಡುವ ಪತ್ರದಲ್ಲಿ ಸೀಲು, ಸಹಿ ಎಲ್ಲ ಇರುತ್ತದೆ, ಆ ನಂಬರ್ ಮಾತ್ರ ಇರುವುದಿಲ್ಲ. ಹಾಗಾಗಿ ಮಂಗಳೂರಿಗೆ ಹೋದ ಬಡ ಮನೆಯ ಹುಡುಗ ಅಲ್ಲಿನ ಪಟ್ಟಿಗೆ ಸೇರುವುದಿಲ್ಲ. ಶಕ್ತಿ ಯೋಜನೆಯ ಉಚಿತ ಬಸ್ಸೂ ಅಷ್ಟೇ: ಕರ್ನಾಟಕದ ವಿಳಾಸ ಇರುವ ಹೆಣ್ಣುಮಕ್ಕಳಿಗೆ, ಅದೂ ಗಡಿಯೊಳಗೆ. ಗಡಿಯ ತಲಪಾಡಿಯಿಂದ ಈಚೆಯವರು ಟಿಕೆಟ್ ತೆಗೆದುಕೊಳ್ಳಬೇಕು.

ಇಲ್ಲೇ ಉಳಿದವರಿಗೆ ಕೇರಳ ಸರಕಾರದ ವಿದ್ಯಾರ್ಥಿವೇತನ ಇ-ಗ್ರಾಂಟ್ಸ್ ಉಂಟು, ಬಸ್ ಕನ್ಸೆಷನ್ ಉಂಟು (ಕಂಡಕ್ಟರನ ಮುಖ ಗಂಟಿಕ್ಕುವುದೂ ಅದರ ಜೊತೆಗೇ ಬರುತ್ತದೆ). 2023ರ ಜನವರಿಯಿಂದ ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ ಮುಟ್ಟಿನ ರಜೆಯ ಲೆಕ್ಕದಲ್ಲಿ ಹುಡುಗಿಯರಿಗೆ ಹಾಜರಾತಿ 75ರ ಬದಲು 73 ಶೇಕಡಾ ಸಾಕು. ಹದಿನೆಂಟು ದಾಟಿದ ವಿದ್ಯಾರ್ಥಿನಿಯರಿಗೆ 60 ದಿನದ ಹೆರಿಗೆ ರಜೆಯೂ ಇದೆ. ನನ್ನನ್ನು ಕೇಳಿದರೆ ಇವೆಲ್ಲ ಒಳ್ಳೆಯ ನಿಯಮಗಳೇ. ಸುತ್ತೋಲೆ ಬರುವುದು ಮಾತ್ರ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮುಳ್ಳೇರಿಯಾದ ಹುಡುಗಿ ಆ ಸುತ್ತೋಲೆಯನ್ನು ಓದುವುದು ಹೇಗೆ? ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಪಿಡಿಎಫ್ ಬೀಳುತ್ತದೆ. ಅದರ ಬೆನ್ನಿಗೆ ಕನ್ನಡ ವಿಭಾಗದ ಮೇಷ್ಟ್ರ ಧ್ವನಿಸಂದೇಶ: "ಎರಡನೇ ಪುಟ ನೋಡಿ, ಆದಾಯ ಪತ್ರ ಹೊಸದೇ ಬೇಕು, ಶುಕ್ರವಾರ ಕಡೆಯ ದಿನ." ಅವಳು ಅದನ್ನು ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಕೂತು ಕೇಳಿಸುತ್ತಾಳೆ. ಅಲ್ಲಿನವನು ಅವಳೊಡನೆ ತುಳುವಿನಲ್ಲಿ ಮಾತಾಡುತ್ತ, ಪಕ್ಕದ ಕುರ್ಚಿಯವರಿಗೆ ಮಲಯಾಳದಲ್ಲಿ ಉತ್ತರ ಕೊಡುತ್ತ, ಇಂಗ್ಲಿಷಿನಲ್ಲಿ ಫಾರ್ಮ್ ತುಂಬಿಸಿಬಿಡುತ್ತಾನೆ. ವಿದ್ಯಾರ್ಥಿ ಸಹಾಯ ಕೇಂದ್ರ ಎಂದು ಯಾವ ಬೋರ್ಡಿನಲ್ಲಿ ಬರೆದಿದ್ದರೂ ನಮ್ಮ ಮಕ್ಕಳ ಮಟ್ಟಿಗೆ ಅದು ನಡೆಯುತ್ತಿರುವುದು ಈ ಇಬ್ಬರಿಂದ. ಒಬ್ಬರಿಗೆ ಅದು ಕೆಲಸದ ಪಟ್ಟಿಯಲ್ಲಿಲ್ಲದ ಕೆಲಸ, ಇನ್ನೊಬ್ಬನಿಗೆ ಸರ್ವಿಸ್ ಚಾರ್ಜು.

ಪರೀಕ್ಷೆಗಳ ತಮಾಷೆ ಕೇಳಿ. ವೃತ್ತಿಪರ ಕೋರ್ಸುಗಳಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರು ಅದರಲ್ಲಿ ಬರುತ್ತಾರೆ. ಅದಕ್ಕೆ ಕನ್ನಡ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕು. ಇತ್ತ ಹತ್ತನೆಯವರೆಗೆ ಮಲಯಾಳಂ ಓದದೆ ಕೇರಳ ಸರಕಾರದ ಕೆಲಸಕ್ಕೆ ಸೇರಿದರೆ, ಪ್ರೊಬೇಷನ್ ಮುಗಿಯುವುದರೊಳಗೆ ಮಲಯಾಳಂ ಪರೀಕ್ಷೆ ಪಾಸಾಗಬೇಕು. ಎರಡೂ ಸರಕಾರಗಳಿಗೆ ನಮ್ಮ ನಾಲಗೆಯ ಮೇಲೆ ಸಣ್ಣದೊಂದು ಸಂಶಯ. ಮಲಯಾಳಂ ಪರೀಕ್ಷೆಯ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ಆಫೀಸಿಗೆ ಬರುವ ಜನರೊಡನೆ ಮಾತಾಡಬೇಕಲ್ಲ. ಆದರೆ ಅದೇ ನ್ಯಾಯ ತಿರುಗಿ ಬರುವುದಿಲ್ಲ. ಕನ್ನಡ ಗೊತ್ತಿಲ್ಲದವರನ್ನು ಕನ್ನಡ ಮಾಧ್ಯಮದ ಶಾಲೆಗಳಿಗೆ ಅಧ್ಯಾಪಕರಾಗಿ ಕಳಿಸಿದಾಗ ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಕೂತದ್ದು ಇಲ್ಲಿ ಒಂದೆರಡು ಸಲವಲ್ಲ.

ಕಾಲೇಜಿನಲ್ಲಿ ಪಾಠ ಮಾಡಬೇಕೆಂದಿರುವವರ ದಾರಿ ಇನ್ನೂ ಉದ್ದ. ಅತಿಥಿ ಉಪನ್ಯಾಸಕರಾಗಲು ಮೊದಲು ಕಲ್ಲಿಕೋಟೆಯ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯಲ್ಲಿ ಹೆಸರು ದಾಖಲಾಗಿರಬೇಕು, ಆಮೇಲೆ ಕಾಲೇಜಿನಲ್ಲಿ ಸಂದರ್ಶನ. ಕಾಯಂ ಹುದ್ದೆಯ ಲೆಕ್ಕ ವಾರದ ಪಾಠದ ಗಂಟೆಗಳ ಮೇಲೆ: 2020ರ ಆದೇಶದಂತೆ ಒಂದು ಹುದ್ದೆಗೆ ಹದಿನಾರು ಗಂಟೆ ಬೇಕು. ನಾಲ್ಕು ವರ್ಷದ ಡಿಗ್ರಿ ಬಂದ ಮೇಲೆ ಭಾಷಾ ಪಾಠಗಳ ಗಂಟೆ ಕಡಿಮೆಯಾಗುತ್ತದೆಂಬ ಹೆದರಿಕೆ ಎಲ್ಲ ಭಾಷೆಯ ಅಧ್ಯಾಪಕರಿಗೂ ಉಂಟು. ಮಲಯಾಳಕ್ಕೆ ಮಕ್ಕಳ ಸಂಖ್ಯೆಯ ಬಲವಾದರೂ ಇದೆ. ನಮ್ಮಲ್ಲಿ ಅದೂ ಗಟ್ಟಿಯಿಲ್ಲ.

ಆದ್ದರಿಂದ ಇಲ್ಲಿಯ ಪರಿಚಯದವರು ಯಾರಾದರೂ ಮಗಳಿಗೆ ಯಾವ ಕಾಲೇಜು ಎಂದು ನನ್ನನ್ನು ಕೇಳಿದರೆ, ಬಿಎಸ್ಸಿ, ಬಿಕಾಂ ಯಾವುದಾದರೂ ಸರಿ, ಮೊದಲು ಊರಿನ ಸರಕಾರಿ ಕಾಲೇಜಿಗೆ ಅರ್ಜಿ ಹಾಕಿ ಎನ್ನುತ್ತೇನೆ. ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಆರಿಸುವಲ್ಲಿ ಹಿಂದಿಯಲ್ಲಿ ಮಾರ್ಕು ಸುಲಭವಂತೆ ಎಂದು ಯಾರೋ ಹೇಳಿದ್ದನ್ನು ನಂಬಿ ಅದಕ್ಕೆ ಟಿಕ್ ಹಾಕಬೇಡಿ, ಕನ್ನಡಕ್ಕೆ ಹಾಕಿ. ಆ ಧ್ವನಿಸಂದೇಶ ಕಳಿಸುವ ಮೇಷ್ಟ್ರ ಹುದ್ದೆ ನಿಂತಿರುವುದು ಆ ಟಿಕ್ಕುಗಳ ಮೇಲೆಯೇ.